ಹೂ ಉದುರಿದರೆ ಜೇನನ್ನು ದೂರಬೇಡಿ: ಪುಣೆಯ ತಾರಸಿಯಲ್ಲಿ ನಿಂಬೆ ಬೆಳೆಯುವ ಬಗೆ

ಫೆಬ್ರುವರಿ ಬಂತೆಂದರೆ ಪುಣೆಯ ತಾರಸಿ ತೋಟದವರ ನಡುವೆ ಒಂದೇ ಪ್ರಶ್ನೆ ಓಡಾಡುತ್ತದೆ. ಕುಂಡದಲ್ಲಿರುವ ನಿಂಬೆ ಗಿಡ ಮೈತುಂಬ ಹೂ ಬಿಟ್ಟಿತ್ತು, ವಾರ ಕಳೆಯುವುದರೊಳಗೆ ಎಲ್ಲವೂ ನೆಲದ ಪಾಲಾಯಿತು. ಪರಾಗಸ್ಪರ್ಶ ಆಗಲಿಲ್ಲವೇ? ಬ್ರಶ್ ಹಿಡಿದು ನಾವೇ ಮಾಡಬೇಕೇ? ಕೋಥರೂಡ್‌ನ ಎಂಟನೇ ಮಹಡಿಯವರೂ ಇದನ್ನೇ ಕೇಳುತ್ತಾರೆ, ಧನಕವಡಿಯಲ್ಲಿ ಸ್ವಂತ ಅಂಗಳ ಇರುವವರೂ ಇದನ್ನೇ ಕೇಳುತ್ತಾರೆ.

ಬ್ರಶ್ ಕೊಳ್ಳುವ ಮೊದಲು ಕುಂಡದ ಮಣ್ಣಿನಲ್ಲಿ ಬೆರಳು ಇಳಿಸಿ ನೋಡಿ. ಈ ಊರಿನಲ್ಲಿ ನಿಂಬೆ ಕಾಯಿ ಕಚ್ಚದಿದ್ದರೆ ತಪ್ಪು ಬಹುಮಟ್ಟಿಗೆ ನೀರಿನಲ್ಲಿ, ಮಣ್ಣಿನಲ್ಲಿ ಅಥವಾ ಬಿಸಿಲಿನಲ್ಲಿ ಇರುತ್ತದೆ. ಜೇನು ಬಾರದೆ ಹೂ ಕೆಡುವ ಸಂದರ್ಭಗಳೂ ಇವೆ, ಆದರೆ ಅವು ಕಡಿಮೆ.

ಮೊದಲು ಹೂವಿನ ಲೆಕ್ಕ ತಿಳಿದುಕೊಳ್ಳೋಣ. ಈ ಜಾತಿಯ ಮರಗಳು ತಾವು ಸಾಕಲಾರದಷ್ಟು ಹೂ ಬಿಡುತ್ತವೆ. ಮೋಸಂಬಿ, ಕಿತ್ತಳೆಯಲ್ಲಿ ನೂರು ಹೂವಿಗೆ ಒಂದೆರಡು ಹಣ್ಣು ನಿಂತರೆ ಅದು ಒಳ್ಳೆಯ ಫಸಲು. ನಿಂಬೆ ಇನ್ನೊಂದಿಷ್ಟು ಉದಾರಿ, ಆದರೂ ಬಹುಪಾಲು ಹೂ ಉದುರಲೇಬೇಕು. ಬಟಾಣಿ ಗಾತ್ರದ ಕಾಯಿಗಳು ಮತ್ತೊಮ್ಮೆ ಉದುರುತ್ತವೆ. ಎಲೆ ಹಸಿರಾಗಿ ನಿಂತು, ಪ್ರತಿ ಕೊಂಬೆಯಲ್ಲೂ ನಾಲ್ಕಾರು ಕಾಯಿ ಉಳಿದಿದ್ದರೆ ಗಿಡಕ್ಕೆ ಏನೂ ಆಗಿಲ್ಲ.

ಇನ್ನು ಹೂವನ್ನೇ ಕೈಯಲ್ಲಿ ಹಿಡಿದು ನೋಡಿ. ನಡುವೆ ಹಸಿರು ಗುಂಡಿಯಂಥ ಅಂಡಾಶಯ, ಅದರ ಮೇಲೆ ಕಂಬದ ಹಾಗೆ ನಿಂತ ಶಲಾಕೆ, ತುದಿಯಲ್ಲಿ ಅಂಟಂಟಾದ ಶಲಾಕಾಗ್ರ, ಸುತ್ತ ಹಳದಿ ತಲೆಯ ಕೇಸರಗಳು. ಇದು ಪೂರ್ಣ ಹೂವು. ಕೆಲವು ಹೂಗಳಲ್ಲಿ ನಡುವಿನ ಕಂಬವೇ ಇರುವುದಿಲ್ಲ, ಅಥವಾ ಮುರುಟಿಕೊಂಡಿರುತ್ತದೆ. ಅವು ಗಂಡು ಹೂಗಳು. ನೀವು ಎಷ್ಟೇ ಬ್ರಶ್ ಆಡಿಸಿದರೂ ಅವು ಕಾಯಿ ಆಗುವುದಿಲ್ಲ. ಸೊರಗಿದ ಗಿಡದಲ್ಲಿ ಇಂಥ ಹೂಗಳ ಪಾಲು ಹೆಚ್ಚಾಗುತ್ತದೆ. ಉದುರಿದ ಹೂಗಳನ್ನು ಅಂಗೈಯಲ್ಲಿ ಹರಡಿಕೊಂಡು ಎಣಿಸಿದರೆ ಗಿಡದ ಆರೋಗ್ಯದ ಅಂದಾಜು ಅಲ್ಲೇ ಸಿಗುತ್ತದೆ.

ಕಾಗದಿ ನಿಂಬೆ, ಮೋಸಂಬಿ, ನಾಗಪುರದ ಸಂತ್ರಾ, ಅಲಂಕಾರಕ್ಕೆಂದು ಮಾರುವ ಚಿಕ್ಕ ಚೈನಾ ಕಿತ್ತಳೆ, ಇವೆಲ್ಲ ತಮ್ಮದೇ ಪರಾಗದಿಂದ ಕಾಯಿ ಕಟ್ಟಬಲ್ಲವು. ಒಂಟಿ ಗಿಡ ಸಾಕು. ಬೀಜವಿಲ್ಲದ ದಪ್ಪ ನಿಂಬೆಗಂತೂ ಪರಾಗದ ಹಂಗೇ ಇಲ್ಲ. ಬೇರೆ ದಾರಿ ಹಿಡಿಯುವುದು ಚಕ್ಕೋತ. ಮರಾಠಿಯಲ್ಲಿ ಪಪನಸ ಅನ್ನುತ್ತಾರಲ್ಲ, ಅದು. ಚಕ್ಕೋತದ ಅನೇಕ ತಳಿಗಳು ತಮ್ಮ ಪರಾಗವನ್ನು ತಾವೇ ಒಪ್ಪುವುದಿಲ್ಲ. ದೇವನಹಳ್ಳಿಯ ನೆನಪಿನಲ್ಲಿ ಒಂದು ಚಕ್ಕೋತ ತಂದು ತಾರಸಿಯಲ್ಲಿ ಒಂಟಿಯಾಗಿ ನಿಲ್ಲಿಸಿದರೆ ಅದು ವರ್ಷ ವರ್ಷ ಹೂ ಬಿಟ್ಟು ಸುಮ್ಮನಾಗಬಹುದು. ಅಲ್ಲಿ ಬ್ರಶ್‌ಗೆ ನಿಜವಾದ ಕೆಲಸವಿದೆ. ಪಕ್ಕದ ನಿಂಬೆಯದೋ ಮೋಸಂಬಿಯದೋ ಪರಾಗ ತಂದು ಮುಟ್ಟಿಸಿದರೂ ನಡೆಯುತ್ತದೆ. ನಿಂಬೆಯ ಪರಾಗ ಬಿದ್ದರೆ ಹಣ್ಣು ಹುಳಿಯಾಗುತ್ತದೆ ಎಂಬುದು ಸುಳ್ಳು ಭಯ. ತೊಳೆ, ಸಿಪ್ಪೆ, ರುಚಿ ಎಲ್ಲವೂ ತಾಯಿ ಮರದ್ದೇ. ಬೆರಕೆ ಆಗುವುದು ಒಳಗಿನ ಬೀಜ ಮಾತ್ರ.

ಕೈಯಿಂದ ಪರಾಗಸ್ಪರ್ಶ ಬೇಕಾಗುವ ಇನ್ನೊಂದು ಜಾಗ ಮುಚ್ಚಿದ ಬಾಲ್ಕನಿ. ಪುಣೆಯ ಅಪಾರ್ಟ್‌ಮೆಂಟುಗಳಲ್ಲಿ ಪಾರಿವಾಳದ ಬಲೆ ಈಗ ಕಿಟಕಿಯಷ್ಟೇ ಸಾಮಾನ್ಯ. ಅದರ ಕಣ್ಣು ದೊಡ್ಡದು, ಜೇನು ನಿರಾತಂಕವಾಗಿ ಒಳಬರುತ್ತದೆ. ಸೊಳ್ಳೆ ಪರದೆ ಅಥವಾ ಗಾಜು ಹಾಕಿದ್ದರೆ ಮಾತ್ರ ತೊಂದರೆ. ಈ ಹೂಗಳ ಪರಾಗ ಜಿಗುಟಾಗಿ ಭಾರವಾಗಿರುವುದರಿಂದ ಗಾಳಿಯಲ್ಲಿ ಹಾರಿ ಹೋಗುವುದಿಲ್ಲ, ಯಾರಾದರೂ ಹೊತ್ತೇ ಒಯ್ಯಬೇಕು. ಬೆಳಿಗ್ಗೆ ಬಿಸಿಲು ಏರಿ, ಇಬ್ಬನಿ ಆರಿ, ಕೇಸರದ ತಲೆ ಒಡೆದು ಹಳದಿ ಪುಡಿ ಕಾಣುವಾಗ, ಸುಮಾರು 9ರಿಂದ 12 ಗಂಟೆಯೊಳಗೆ, ಮಕ್ಕಳ ಚಿತ್ರಕಲೆಯ ಮೆತ್ತನೆ ಬ್ರಶ್‌ನ್ನು ಕೇಸರಗಳ ಮೇಲೆ ಆಡಿಸಿ, ಬೇರೆ ಹೂವಿನ ಶಲಾಕಾಗ್ರಕ್ಕೆ ಹಗುರಾಗಿ ಒತ್ತಿ. ಅದು ಮಿನುಗುತ್ತಿದ್ದರೆ ಪರಾಗ ಹಿಡಿದುಕೊಳ್ಳುತ್ತದೆ, ಕಂದಿದ್ದರೆ ಹೊತ್ತು ಮೀರಿದೆ. ಮರುದಿನ ಇನ್ನೊಮ್ಮೆ ಮಾಡಿ. ಬ್ರಶ್ ಇಲ್ಲದಿದ್ದರೆ ಗಂಡು ಹೂವನ್ನೇ ಕಿತ್ತು, ದಳ ಬಿಡಿಸಿ, ಕೇಸರದ ಗೊಂಚಲನ್ನು ನೇರವಾಗಿ ಸವರಬಹುದು. ಇದಕ್ಕಿಂತ ಸುಲಭದ್ದು, ಹೂ ಬಿಟ್ಟ ಎರಡು ವಾರ ಪರದೆಯನ್ನು ಹಗಲಲ್ಲಿ ತೆರೆದಿಡುವುದು.

ಜೇನಿನ ವಿಚಾರದಲ್ಲಿ ಪುಣೆಯವರು ಅದೃಷ್ಟವಂತರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1962ರಿಂದ ಇದೇ ಊರಿನಲ್ಲಿದೆ, ಶಿವಾಜಿನಗರದ ಗಣೇಶಖಿಂಡ್ ರಸ್ತೆಯಲ್ಲಿ. ಜೇನು ಸಾಕಣೆಯ ತರಬೇತಿಯನ್ನೂ ಕೊಡುತ್ತದೆ. ನಿಂಬೆ ಹೂವಿಗೆ ತುಡುವೆ, ಕೋಲುಜೇನು, ಹೆಜ್ಜೇನು, ಗೋಡೆಯ ಬಿರುಕಿನಲ್ಲಿ ಗೂಡು ಕಟ್ಟುವ ಸಾಸಿವೆಯಷ್ಟು ಸಣ್ಣ ಮಿಸರಿ ಜೇನು, ಎಲ್ಲವೂ ಬರುತ್ತವೆ. ಎತ್ತರದ ಕಟ್ಟಡದ ಸಜ್ಜಾದ ಕೆಳಗೆ ಹೆಜ್ಜೇನಿನ ತಟ್ಟಿ ಕಂಡ ಕೂಡಲೇ ಸೊಸೈಟಿಯವರು ಕೀಟನಾಶಕದವನನ್ನು ಕರೆಸುವುದು ರೂಢಿ. ಓಡಾಡುವ ದಾರಿಗೆ ತೀರ ಹತ್ತಿರವಿದ್ದರೆ ಬಲ್ಲವರಿಂದ ತೆಗೆಸುವುದು ಸರಿ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಯಾರಿಗೂ ಸಿಗದಂತೆ ನೇತಾಡುತ್ತಿರುವುದನ್ನು ವಿಷ ಹೊಡೆದು ಕೊಂದು, ಮಾರನೇ ತಿಂಗಳು ಬ್ರಶ್ ಹಿಡಿದು ಕೂರುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ. ಹಾಗೆಯೇ, ಗಿಡದಲ್ಲಿ ಹೂ ಇರುವಾಗ ಬೇವಿನೆಣ್ಣೆಯನ್ನೂ ಸಿಂಪಡಿಸಬಾರದು.

ಯಾವ ಗಿಡ, ಎಲ್ಲಿಂದ

ಹಡಪಸರ ದಾಟಿ ಸೋಲಾಪುರ ರಸ್ತೆ ಹಿಡಿದರೆ ಮಾಂಜರಿ, ಲೋಣಿ ಕಾಳಭೋರ, ಉರುಳಿ ಕಾಂಚನದವರೆಗೆ ನರ್ಸರಿಗಳೇ ನರ್ಸರಿಗಳು. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್‌ನ ಪುಷ್ಪ ಪ್ರದರ್ಶನಕ್ಕೆ ಹೋದವರು ಹಣ್ಣು ತೂಗುತ್ತಿರುವ ಗಿಡ ನೋಡಿ ಮರುಳಾಗಿ ಮನೆಗೆ ತರುತ್ತಾರೆ. ಹಣ್ಣು ನೋಡಿ ಗಿಡ ಕೊಳ್ಳಬೇಡಿ. ಎಲೆ ನೋಡಿ, ಕಾಂಡದ ಬುಡ ನೋಡಿ. ಎಲೆಯ ಮೇಲೆ ಹಳದಿ ಉಂಗುರವಿರುವ ಒರಟು ಕಂದು ಚುಕ್ಕೆಗಳಿದ್ದರೆ ಅದು ಕಜ್ಜಿ ರೋಗ, ಅಲ್ಲೇ ಬಿಟ್ಟುಬನ್ನಿ. ಚಿಕ್ಕ ಚೀಲದಲ್ಲಿ ದೊಡ್ಡ ಗಿಡವಿದ್ದರೆ ಬೇರು ಸುತ್ತಿಕೊಂಡಿರುತ್ತದೆ.

‘ಕಾಗದಿ ಲಿಂಬು’ ಎಂದೇ ಕೇಳಿ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ‘ಸಾಯಿ ಶರಬತಿ’ ಸಿಕ್ಕರೆ ಅದನ್ನೇ ಆರಿಸಿ. ಕಜ್ಜಿಯನ್ನೂ ಟ್ರಿಸ್ಟೆಜಾ ಎಂಬ ನಂಜುರೋಗವನ್ನೂ ಒಂದು ಮಟ್ಟಿಗೆ ತಡೆದುಕೊಳ್ಳುವ ತಳಿ ಅದು. ಮೋಸಂಬಿಯನ್ನು ಕಣ್ಣು ಕಸಿ ಮಾಡಿದ ಗಿಡವಾಗಿಯೇ ತರಬೇಕು. ಕಸಿ ಗಂಟಿನ ಕೆಳಗೆ ಬರುವ ಚಿಗುರು ಬೇರುಗಿಡವಾದ ಜಂಬೇರಿಯದೋ ರಂಗಪುರ ನಿಂಬೆಯದೋ ಆಗಿರುತ್ತದೆ. ಮುಳ್ಳು ತುಂಬಿಕೊಂಡು ಭರಭರನೆ ಏರುವ ಆ ಚಿಗುರನ್ನು ಗಿಡ ಚೆನ್ನಾಗಿ ಬೆಳೆಯುತ್ತಿದೆ ಎಂದು ಬಿಟ್ಟವರ ಮನೆಯಲ್ಲಿ ಎರಡು ವರ್ಷಕ್ಕೆ ಮೋಸಂಬಿ ಸತ್ತು ಜಂಬೇರಿ ಉಳಿಯುತ್ತದೆ. ಕಂಡ ದಿನವೇ ಬುಡಕ್ಕೆ ಚಿವುಟಿ ಹಾಕಿ.

ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ಇಂಡಿ ನಿಂಬೆಯೇ ಬೇಕೆನ್ನುತ್ತಾರೆ. ಆಸೆ ಸಹಜ. ಭೌಗೋಳಿಕ ಗುರುತು ಪಡೆದ ಬೆಳೆ ಅದು, ಆ ತಾಲ್ಲೂಕಿನ ಒಣ ಹವೆಗೂ ಪುಣೆಯ ಬೇಸಿಗೆಗೂ ಹೊಂದಾಣಿಕೆ ಇದೆ. ಊರಿಂದ ಗಿಡ ತರುವ ಬದಲು ಹಣ್ಣು ತನ್ನಿ. ಗಿಡದ ಜೊತೆಗೆ ನಂಜುರೋಗವೂ ಪ್ರಯಾಣ ಮಾಡುತ್ತದೆ, ಬೀಜದ ಮೂಲಕ ಟ್ರಿಸ್ಟೆಜಾ ಹರಡುವುದಿಲ್ಲ. ನಿಂಬೆಯ ಬೀಜದಲ್ಲಿ ಒಂದು ವಿಶೇಷವಿದೆ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟಿದ ತದ್ರೂಪುಗಳು. ಬಲವಾದ ಮೊಳಕೆ ಉಳಿಸಿ, ಸಪೂರವಾದದ್ದನ್ನು ಕಿತ್ತರೆ ಸಾಮಾನ್ಯವಾಗಿ ಇಂಡಿಯ ಗುಣವೇ ಬರುತ್ತದೆ. ಬೀಜ ಒಣಗಬಾರದು. ಹಣ್ಣು ಹಿಂಡಿದ ದಿನವೇ ತೊಳೆದು ಬಿತ್ತಬೇಕು. ಮೊದಲ ಫಸಲಿಗೆ ನಾಲ್ಕೈದು ವರ್ಷ ಕಾಯಬೇಕು, ಮುಳ್ಳೂ ಜಾಸ್ತಿ. ಅಷ್ಟು ತಾಳ್ಮೆ ಇಲ್ಲದವರು ಗೂಟಿ ಗಿಡ ಕೊಂಡರೆ ಎರಡು ಮೂರು ವರ್ಷದಲ್ಲಿ ಹಣ್ಣು ಕಾಣಬಹುದು. ಚಕ್ಕೋತ ಮತ್ತು ಮಾದಳದ ಬೀಜಕ್ಕೆ ಈ ತದ್ರೂಪಿನ ಗುಣ ಇಲ್ಲ, ಅವುಗಳನ್ನು ಬೀಜದಿಂದ ಬೆಳೆಸಬೇಡಿ. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವ ಫಲ ಈ ಮಾದಳವೇ. ಅದರ ಟೊಂಗೆ ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಕೊಡಗಿನ ಕಿತ್ತಳೆಯನ್ನು ಮಾತ್ರ ಇಲ್ಲಿಗೆ ತರುವಂತೆ ಯಾರಿಗೂ ಹೇಳಲಾರೆ. ಕಾಫಿ ತೋಟದ ನೆರಳು, ತಂಪು ಕಂಡ ಮರಕ್ಕೆ ಏಪ್ರಿಲ್‌ನ 38-40 ಡಿಗ್ರಿಯ ಒಣ ತಾರಸಿ ಶಿಕ್ಷೆಯೇ.

ಮಣ್ಣಿನ ಹಳೇ ಪಾಠ

ಪುಣೆಯಲ್ಲಿ ನಿಂಬೆ ಜಾತಿಯ ಮರಗಳು ತುದಿಯಿಂದ ಒಣಗುತ್ತ ಬರುವುದು ಇಂದಿನ ಸಮಸ್ಯೆಯಲ್ಲ. ಗಣೇಶಖಿಂಡ್ ಹಣ್ಣಿನ ತೋಟದಲ್ಲಿ ಕೆಲಸ ಮಾಡಿದ ಜಿ.ಎಸ್. ಚೀಮಾ ಮತ್ತು ಎಸ್.ಎಸ್. ಭಟ್ ಈ ತುದಿ ಒಣಗುವ ರೋಗಕ್ಕೂ ಪಶ್ಚಿಮ ಭಾರತದ ಮಣ್ಣಿಗೂ ಇರುವ ನಂಟಿನ ಬಗ್ಗೆ 1928ರಲ್ಲೇ ಮುಂಬೈ ಪ್ರಾಂತದ ಕೃಷಿ ಇಲಾಖೆಗೆ ಒಂದು ಪುಸ್ತಿಕೆ ಬರೆದಿದ್ದರು. ‘ಚೀಮಾ ಸಾಹೇಬಿ’ ದ್ರಾಕ್ಷಿಗೆ ಹೆಸರು ಬಂದದ್ದು ಇದೇ ಚೀಮಾ ಅವರಿಂದ. ಮುಂದೆ 1958ರಲ್ಲಿ ಆರ್.ಎಸ್. ವಾಸುದೇವ ಮತ್ತು ಎಸ್.ಪಿ. ಕಪೂರ್ ಮುಂಬೈ ರಾಜ್ಯದ ಈ ಅವನತಿಯಲ್ಲಿ ಟ್ರಿಸ್ಟೆಜಾ ನಂಜಿನ ಕೈವಾಡವನ್ನು ತೋರಿಸಿದರು. ಆದರೆ ಮಣ್ಣಿನ ಪಾಲೂ ಸುಳ್ಳಲ್ಲ. ಬಸಾಲ್ಟ್ ಬಂಡೆಯಿಂದ ಹುಟ್ಟಿದ ಇಲ್ಲಿಯ ಕಪ್ಪು ಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಕೂರುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರನ್ನು ಹರಿದುಹಾಕುತ್ತದೆ, ಎಷ್ಟೋ ಕಡೆ ಕೆಳಗೆ ಸುಣ್ಣದ ಹರಳು ತುಂಬಿರುತ್ತದೆ. ಸುಣ್ಣ ಹೆಚ್ಚಾದರೆ ಕಬ್ಬಿಣ, ಸತು ಮಣ್ಣಿನಲ್ಲಿದ್ದೂ ಬೇರಿಗೆ ಎಟುಕುವುದಿಲ್ಲ.

ಹಾಗಾಗಿ ಕುಂಡಕ್ಕೆ ಅಂಗಳದ ಕಪ್ಪು ಮಣ್ಣನ್ನು ಹಾಗೆಯೇ ತುಂಬಬಾರದು. ನರ್ಸರಿಯಲ್ಲಿ ಸಿಗುವ ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ದಪ್ಪ ಮರಳು ಅಥವಾ ತೆಂಗಿನ ನಾರಿನ ಪುಡಿ ಒಂದು ಪಾಲು, ಮೇಲೆ ಎರಡು ಹಿಡಿ ಬೇವಿನ ಹಿಂಡಿ. ನಾರಿನ ಪುಡಿಯನ್ನು ಒಮ್ಮೆ ನೀರಲ್ಲಿ ನೆನೆಸಿ ಹಿಂಡಿ ಉಪ್ಪು ತೆಗೆದಿರಬೇಕು. ಕುಂಡದ ತಳದಲ್ಲಿ ಜಲ್ಲಿ ಹಾಸುವ ಪದ್ಧತಿ ಎಲ್ಲರ ಮನೆಯಲ್ಲೂ ಇದೆ, ಅದರಿಂದ ಬಸಿಯುವಿಕೆ ಹೆಚ್ಚುವುದಿಲ್ಲ, ಬೇರಿನ ಜಾಗ ಕಡಿಮೆಯಾಗುತ್ತದೆ ಅಷ್ಟೇ. ತೂತುಗಳು ದೊಡ್ಡದಾಗಿ, ಐದಾರು ಇದ್ದರೆ ಸಾಕು. ಕುಂಡವನ್ನು ಇಟ್ಟಿಗೆಗಳ ಮೇಲೆ ಎತ್ತಿಡಿ. ಕೆಳಗೆ ತಟ್ಟೆ ಬೇಡ. ಬೇರು ಕೊಳೆಯುವುದಲ್ಲದೆ, ಅಲ್ಲಿ ಸೊಳ್ಳೆ ಮರಿ ಕಂಡರೆ ಪಾಲಿಕೆಯವರ ನೋಟೀಸು ಬೇರೆ.

ಮೊದಲ ವರ್ಷಕ್ಕೆ 12 ಇಂಚಿನ ಕುಂಡ, ಆಮೇಲೆ 18 ಇಂಚಿನದು, ಕೊನೆಗೆ 200 ಲೀಟರಿನ ನೀಲಿ ಡ್ರಮ್ಮನ್ನು ಅಡ್ಡಕ್ಕೆ ಕೊಯ್ದು ಮಾಡಿದ ಅರ್ಧ ಡ್ರಮ್. ಒದ್ದೆ ಮಣ್ಣು ತುಂಬಿದ ಆ ಅರ್ಧ ಡ್ರಮ್ 130-150 ಕಿಲೋ ತೂಗುತ್ತದೆ. ತಾರಸಿಯ ನಡುವೆ ಇಡದೆ, ಕೆಳಗೆ ತೊಲೆ ಅಥವಾ ಕಂಬ ಇರುವ ಕಡೆಗೆ ಇಡಿ. ನೆಡುವಾಗ ಕಸಿ ಗಂಟು ಮಣ್ಣಿನಿಂದ ನಾಲ್ಕು ಬೆರಳು ಮೇಲಿರಲಿ. ಗಂಟು ಹೂತುಹೋದರೆ ಬುಡದಲ್ಲಿ ಅಂಟು ಸೋರುವ ರೋಗ ಬರುತ್ತದೆ.

ಬಿಸಿಲು ಆರು ಗಂಟೆಯಾದರೂ ಬೇಕು. ಉತ್ತರದ ಬಾಲ್ಕನಿಯಲ್ಲಿ ನಿಂಬೆ ಬದುಕುತ್ತದೆ, ಹಣ್ಣು ಬಿಡುವುದಿಲ್ಲ. ದಕ್ಷಿಣದ ಬಾಲ್ಕನಿಗೆ ಚಳಿಗಾಲದ ಓರೆ ಬಿಸಿಲು ಒಳತನಕ ಬರುತ್ತದೆ, ಆದರೆ ಮೇ ಮಧ್ಯದಲ್ಲಿ ಪುಣೆಯಲ್ಲಿ ಸೂರ್ಯ ನಡುನೆತ್ತಿಗೆ ಬಂದಾಗ ಅದೇ ಬಾಲ್ಕನಿ ನೆರಳಾಗುತ್ತದೆ. ಗಿಡವನ್ನು ಕಟಕಟೆಯ ಅಂಚಿಗೆ ಸರಿಸಿದರೆ ಕೆಲಸ ಮುಗಿಯಿತು. ಪಶ್ಚಿಮದ ತೆರೆದ ತಾರಸಿಯಲ್ಲಿ ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ಹೊತ್ತಿಗೆ ಹಸಿರು ನೆರಳು ಪರದೆ ಕಟ್ಟಿ, ಕಾಂಡಕ್ಕೆ ಸುಣ್ಣ ಬಳಿಯಿರಿ. ಆ ಬಿಸಿಲಿಗೆ ಕಪ್ಪು ಪ್ಲಾಸ್ಟಿಕ್ ಕುಂಡದ ಗೋಡೆ ಕಾದು ಒಳಗಿನ ಬೇರು ಬೇಯುತ್ತದೆ. ಹೊರಗೆ ಗೋಣಿಚೀಲ ಸುತ್ತಿದರೆ ಉಳಿಯುತ್ತದೆ.

ನೀರು, ಮತ್ತೆ ನೀರು

ಖಡಕವಾಸಲಾದಿಂದ ಬರುವ ನಲ್ಲಿ ನೀರು ನಿಂಬೆಗೆ ಒಗ್ಗುತ್ತದೆ. ಊರಿನ ಅಂಚಿನ ಹೊಸ ಬಡಾವಣೆಗಳಲ್ಲಿ ಟ್ಯಾಂಕರ್ ಮತ್ತು ಕೊಳವೆಬಾವಿಯೇ ಗತಿ. ಆ ಗಡಸು ನೀರು ಬಿದ್ದ ಕುಂಡದ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ, ಎಲೆಯ ಅಂಚು ಸುಟ್ಟಂತಾಗುತ್ತದೆ. ನಿಂಬೆಗೆ ಉಪ್ಪು ಕಂಡರೆ ಆಗುವುದೇ ಇಲ್ಲ. ಇನ್ನೊಂದು ಕೆಟ್ಟ ಉಳಿತಾಯವೆಂದರೆ ಆರ್‌ಒ ಯಂತ್ರದ ತ್ಯಾಜ್ಯ ನೀರನ್ನು ಗಿಡಕ್ಕೆ ಹಾಕುವುದು. ಮೊದಲೇ ಗಡಸಾದ ನೀರಿನ ಉಪ್ಪೆಲ್ಲ ಒಟ್ಟಾಗಿ ಬಂದ ನೀರು ಅದು. ನೆಲ ಒರೆಸಲು ಬಳಸಿ, ನಿಂಬೆಗೆ ಬೇಡ. ಮಳೆಗಾಲದಲ್ಲಿ ಒಂದೆರಡು ಡ್ರಮ್ ಮಳೆನೀರು ಹಿಡಿದಿಟ್ಟರೆ ಉತ್ತಮ. ಅದಾಗದಿದ್ದರೆ ತಿಂಗಳಿಗೊಮ್ಮೆ ಒಳ್ಳೆಯ ನೀರನ್ನು ಕುಂಡದ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಹಾಕಿ ಉಪ್ಪು ತೊಳೆಯಬೇಕು. ಮೊಟ್ಟೆ ಸಿಪ್ಪೆಯ ಪುಡಿ ಹಾಕುವ ಹುರುಪನ್ನೂ ಇಲ್ಲಿ ಬಿಡಬೇಕು. ಸುಣ್ಣಕ್ಕೆ ಈ ಊರಲ್ಲಿ ಬರವಿಲ್ಲ.

ಎಷ್ಟು ನೀರು ಎಂಬುದಕ್ಕೆ ಲೋಟದ ಅಳತೆ ಇಲ್ಲ. ಎರಡು ಅಂಗುಲ ಆಳದಲ್ಲಿ ಬೆರಳಿಗೆ ಒಣಗಿದಂತೆ ತಗುಲಿದರೆ ತುಂಬ ಹಾಕಿ, ಇಲ್ಲದಿದ್ದರೆ ಬಿಡಿ. ದಿನಾ ಒಂದೊಂದು ಚೊಂಬು ಚಿಮುಕಿಸುವುದರಿಂದ ಮೇಲ್ಮಣ್ಣು ಒದ್ದೆ, ತಳ ಒಣ ಎಂಬಂತಾಗಿ, ಹೂವು ಕಾಯಿ ಎಲ್ಲ ಒಟ್ಟಿಗೆ ಉದುರುತ್ತದೆ. ಫೆಬ್ರುವರಿಯ ಹೂ ಉದುರಿದ ಬಹಳಷ್ಟು ಮನೆಗಳಲ್ಲಿ ನಡೆದದ್ದು ಇದೇ. ಚಳಿ ಮುಗಿದು ಬಿಸಿಲು ಏರಿದ್ದು ಗಿಡಕ್ಕೆ ತಿಳಿಯಿತು, ನೀರು ಹಾಕುವವರಿಗೆ ತಿಳಿಯಲಿಲ್ಲ. ಒಣ ಎಲೆಯ ಮೂರು ಬೆರಳು ದಪ್ಪದ ಹೊದಿಕೆ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ. ಹೊದಿಕೆ ಕಾಂಡಕ್ಕೆ ತಾಗದಿರಲಿ.

ಇನ್ನು ನೀರು ನಿಲ್ಲಿಸುವ ಕಲೆ. ಮಹಾರಾಷ್ಟ್ರದ ರೈತರಿಗೂ ನಮ್ಮ ವಿಜಯಪುರದ ದಾಳಿಂಬೆ, ನಿಂಬೆ ಬೆಳೆಗಾರರಿಗೂ ‘ಬಹಾರ’ದ ಮಾತು ಗೊತ್ತು. ಜನವರಿ-ಫೆಬ್ರುವರಿಯ ಹೂವು ಅಂಬೆ ಬಹಾರ, ಜೂನ್-ಜುಲೈಯದು ಮೃಗ ಬಹಾರ, ಸೆಪ್ಟೆಂಬರ್-ಅಕ್ಟೋಬರಿನದು ಹಸ್ತ ಬಹಾರ. ನಿಂಬೆ ಹೂವಿನಿಂದ ಹಣ್ಣಿಗೆ ಐದಾರು ತಿಂಗಳು ಹಿಡಿಯುತ್ತದೆ. ಅಂಬೆ ಬಹಾರದ ಹಣ್ಣು ಮಳೆಗಾಲದಲ್ಲಿ ಬರುತ್ತದೆ, ಆಗ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ನಿಂಬೆಗೆ ಬೆಲೆಯೂ ಇಲ್ಲ, ಮನೆಯಲ್ಲಿ ಶರಬತ್ತು ಕುಡಿಯುವವರೂ ಇಲ್ಲ. ಹಸ್ತ ಬಹಾರದ ಹಣ್ಣು ಮಾರ್ಚ್-ಏಪ್ರಿಲ್‌ನಲ್ಲಿ, ಬೆಲೆ ನೆತ್ತಿಗೇರಿದಾಗ ಕೈಗೆ ಬರುತ್ತದೆ. ಬೆಳೆಗಾರರೆಲ್ಲ ಬಯಸುವುದು ಇದನ್ನೇ. ಆದರೆ ಹಸ್ತಕ್ಕೆ ಹೂ ಬರಿಸಲು ಆಗಸ್ಟ್-ಸೆಪ್ಟೆಂಬರಿನಲ್ಲಿ ಗಿಡವನ್ನು ಒಣಗಿಸಬೇಕು, ಅದೇ ಹೊತ್ತಿಗೆ ಮಳೆ ಸುರಿಯುತ್ತಿರುತ್ತದೆ. ಹೊಲದ ರೈತನ ಕೈಯಲ್ಲಿ ಮಳೆ ಇಲ್ಲ.

ಕುಂಡದವರ ಕೈಯಲ್ಲಿ ಇದೆ. ಮೂರು ವರ್ಷ ತುಂಬಿದ, ಎಲೆ ಚೆನ್ನಾಗಿರುವ ನಿಂಬೆಯನ್ನು ಮಾತ್ರ ಇದಕ್ಕೆ ಆರಿಸಿ. ಆಗಸ್ಟ್ ಕೊನೆಗೆ ಕುಂಡದ ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನು ಕಾಂಡದ ಸುತ್ತ ಇಳಿಜಾರಾಗಿ ಕಟ್ಟಿ. ಎಲೆ ನೆನೆಯಲಿ, ಮಣ್ಣು ನೆನೆಯಬಾರದು. ಹಾಳೆಯ ಅಂಚಿನಿಂದ ಗಾಳಿ ಆಡಬೇಕು. ಮಳೆ ಬಿಟ್ಟ ದಿನ ಬಿಚ್ಚಿಡಿ. ನೀರು ಪೂರ್ತಿ ಬಂದ್. ಮಧ್ಯಾಹ್ನ ಬಾಡಿದ ಎಲೆ ಸಂಜೆಗೂ ಚೇತರಿಸಿಕೊಳ್ಳದ ಹಂತ ಬಂದಾಗ ಒಣಗಿಸುವುದನ್ನು ನಿಲ್ಲಿಸಬೇಕು. ಹೊಲದಲ್ಲಿ ಇದಕ್ಕೆ ವಾರಗಟ್ಟಲೆ ಬೇಕು, ಕುಂಡದಲ್ಲಿ ಬಿಸಿಲು ಬಿದ್ದರೆ ಹತ್ತು ಹನ್ನೆರಡು ದಿನದಲ್ಲೇ ಆಗಬಹುದು, ಆದ್ದರಿಂದ ದಿನಾ ನೋಡುತ್ತಿರಬೇಕು. ಎಲೆ ಉದುರಲು ಬಿಟ್ಟರೆ ಆಟ ಕೆಟ್ಟಿತು. ಆಮೇಲೆ ಮೇಲ್ಮಣ್ಣು ಸಡಿಲಿಸಿ, ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ, ಮೊದಲ ದಿನ ಅರ್ಧ ನೀರು, ಮೂರು ದಿನ ಬಿಟ್ಟು ಪೂರ್ತಿ ನೀರು. ಮೂರು ನಾಲ್ಕು ವಾರದಲ್ಲಿ ಮೊಗ್ಗು ಕಾಣುತ್ತದೆ. ವರ್ಷಕ್ಕೆ ಒಂದೇ ಬಹಾರ ಸಾಕು. ಮೂರನ್ನೂ ಕಸಿದುಕೊಳ್ಳಲು ಹೋದರೆ ಗಿಡ ಎರಡೇ ವರ್ಷದಲ್ಲಿ ಮುದಿಯಾಗುತ್ತದೆ.

ಗೊಬ್ಬರದ ವಿಷಯ ಚಿಕ್ಕದು. ನೀರು ನಿಲ್ಲಿಸುವ ಕಾಲ ಬಿಟ್ಟು ತಿಂಗಳಿಗೊಮ್ಮೆ ಎರೆಗೊಬ್ಬರ, ಎರಡು ತಿಂಗಳಿಗೊಮ್ಮೆ ನೆನೆಸಿ ತಿಳಿ ಮಾಡಿದ ಶೇಂಗಾ ಹಿಂಡಿಯ ನೀರು. ಎಲೆ ಓದಲು ಕಲಿತರೆ ಇನ್ನೂ ಒಳ್ಳೆಯದು. ಹಳೇ ಎಲೆ ಇಡೀ ಹಳದಿಯಾದರೆ ಸಾರಜನಕದ ಕೊರತೆ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣ. ಎಲೆ ಚಿಕ್ಕದಾಗಿ, ಕಿರಿದಾಗಿ, ನರಗಳ ನಡುವೆ ಹಳದಿ ಪಟ್ಟೆ ಬಂದರೆ ಸತು. ಕೊನೆಯ ಎರಡು ಪುಣೆಯಲ್ಲಿ ತೀರ ಸಾಮಾನ್ಯ. ಸೂಕ್ಷ್ಮ ಪೋಷಕಾಂಶಗಳ ಮಿಶ್ರಣವನ್ನು ಲೀಟರಿಗೆ 2 ಗ್ರಾಂನಂತೆ ಹೊಸ ಚಿಗುರಿನ ಮೇಲೆ ಸಂಜೆ ಸಿಂಪಡಿಸಿದರೆ ತಿಂಗಳೊಳಗೆ ಬಣ್ಣ ಬರುತ್ತದೆ.

ಕರಿಬೇವಿನ ಪಕ್ಕ ನಿಂಬೆ ಬೇಡ

ನಿಂಬೆಯ ಶತ್ರುಗಳಲ್ಲಿ ಅತಿ ಅಪಾಯದ್ದು ಅತಿ ಚಿಕ್ಕದು. ಮೂರು ಮಿಲಿಮೀಟರಿನ ಸಿಲ್ಲಾ ಎಂಬ ಹಾರುವ ಕೀಟ, ತಲೆ ತಗ್ಗಿಸಿ ಹಿಂಭಾಗ ಎತ್ತಿಕೊಂಡು ಓರೆಯಾಗಿ ಎಳೆ ಚಿಗುರಿನ ಮೇಲೆ ಕೂರುತ್ತದೆ. ರಸ ಹೀರುವುದಷ್ಟೇ ಅದರ ಕೆಲಸವಲ್ಲ, ಗ್ರೀನಿಂಗ್ ರೋಗವನ್ನೂ ಹರಡುತ್ತದೆ. ಈ ರೋಗವನ್ನು ಭಾರತದಲ್ಲಿ ಹರಡುವುದು ಸಿಲ್ಲಾ ಎಂದು 1967ರಲ್ಲಿ ತೋರಿಸಿಕೊಟ್ಟವರು ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪುಣೆ ಕೇಂದ್ರದಲ್ಲಿದ್ದ ಎಸ್.ಪಿ. ಕಪೂರ್, ಡಿ.ಜಿ. ರಾವ್ ಮತ್ತು ಎಸ್.ಎಂ. ವಿಶ್ವನಾಥ್. ಬಂದ ಮೇಲೆ ಮದ್ದಿಲ್ಲದ ರೋಗ ಇದು. ಅಮೆರಿಕದ ಫ್ಲಾರಿಡಾದ ಕಿತ್ತಳೆ ತೋಟಗಳನ್ನು ಕಳೆದೆರಡು ದಶಕಗಳಲ್ಲಿ ನೆಲ ಕಚ್ಚಿಸಿದ್ದೂ ಇದೇ. ಸಿಲ್ಲಾಕ್ಕೆ ನಿಂಬೆಯಷ್ಟೇ ಪ್ರಿಯವಾದ ಆಸರೆ ಸೊಸೈಟಿಯ ಬೇಲಿಗೆ ನೆಡುವ ಕಾಮಿನಿ ಗಿಡ. ಕನ್ನಡಿಗರ ಮನೆಯಲ್ಲಿ ತಪ್ಪದ ಕರಿಬೇವಿನ ಮೇಲೂ ಅದು ನೆಲೆಸುತ್ತದೆ. ಕರಿಬೇವನ್ನು ಬಿಡಲಾಗದು, ಸರಿ. ತಾರಸಿಯ ಆ ತುದಿಗೆ ಅದು, ಈ ತುದಿಗೆ ನಿಂಬೆ ಇರಲಿ. ಚಿಗುರು ಬರುವ ಕಾಲದಲ್ಲಿ, ಮೊಗ್ಗು ಒಡೆಯುವ ಮೊದಲು, ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ವಾರಕ್ಕೊಮ್ಮೆ ಎಲೆಯ ಅಡಿಗೂ ತಾಗುವಂತೆ ಸಂಜೆ ಸಿಂಪಡಿಸಿ. ಇರುವೆ ಸಾಲು ಕಂಡರೆ ಮೇಲೆ ಸಸ್ಯಹೇನು ಇರಬಹುದು, ಟ್ರಿಸ್ಟೆಜಾ ನಂಜನ್ನು ಒಯ್ಯುವುದು ಆ ಹೇನು.

ಎಲೆಯ ಮೇಲೆ ಬೆಳ್ಳಿಯ ಗೆರೆ ಎಳೆಯುವ ರಂಗೋಲಿ ಹುಳು ನೋಡಲು ಭಯಂಕರ, ಬೆಳೆದ ಗಿಡಕ್ಕೆ ಅಷ್ಟೇನೂ ಹಾನಿಯಿಲ್ಲ. ಆದರೆ ಅದು ತೋಡಿದ ಗಾಯದಿಂದ ಮಳೆಗಾಲದಲ್ಲಿ ಕಜ್ಜಿ ನುಗ್ಗುತ್ತದೆ. ಕಜ್ಜಿ ಹಿಡಿದ ರೆಂಬೆಯನ್ನು ಒಣ ಹವೆಯಲ್ಲಿ ಕತ್ತರಿಸಿ, 1 ಪ್ರತಿಶತ ಬೋರ್ಡೋ ದ್ರಾವಣ ಹೊಡೆಯಿರಿ. ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಬೇಡ.

ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳುಗಳು ನಿಂಬೆ ಚಿಟ್ಟೆಯವು. ಮುಟ್ಟಿದರೆ ಕಿತ್ತಳೆ ಬಣ್ಣದ ಕೊಂಬು ಹೊರಚಾಚಿ ವಾಸನೆ ಬಿಡುತ್ತವೆ. ಚಿಕ್ಕ ಗಿಡವನ್ನು ಎರಡು ದಿನದಲ್ಲಿ ಬೋಳು ಮಾಡಬಲ್ಲವು. ವಿಷ ಬೇಕಿಲ್ಲ. ಕೈಯಿಂದ ಎತ್ತಿ ಕರಿಬೇವಿನ ಮೇಲೆ ಬಿಟ್ಟರೆ ಅಲ್ಲೂ ಅವಕ್ಕೆ ಊಟವಿದೆ. ಮಕ್ಕಳಿರುವ ಮನೆಯಲ್ಲಿ ಈ ಚಿಟ್ಟೆಗಾಗಿಯೇ ಒಂದು ಬಡ ನಿಂಬೆಯನ್ನು ಬಿಟ್ಟಿರಬೇಕು ಅನ್ನುವುದು ನನ್ನ ಪಕ್ಷಪಾತ.

ಹಣ್ಣನ್ನು ಎಳೆದು ಕೀಳದೆ ಕತ್ತರಿಯಿಂದ ತೊಟ್ಟು ಸ್ವಲ್ಪ ಉಳಿಸಿ ಕೊಯ್ಯಿರಿ. ಕಿತ್ತ ಮೇಲೆ ಈ ಹಣ್ಣುಗಳು ಸಿಹಿಯಾಗುವುದಿಲ್ಲ. ಪುಣೆಯ ಬೆಚ್ಚಗಿನ ರಾತ್ರಿಗಳಲ್ಲಿ ಮೋಸಂಬಿಯ ಸಿಪ್ಪೆ ಹಣ್ಣಾದರೂ ಹಸಿರಾಗಿಯೇ ಇರಬಹುದು, ಬಣ್ಣ ಕಾಯದೆ ಒಂದನ್ನು ಕೊಯ್ದು ತಿಂದು ನೋಡಬೇಕು.

ಮೇ ತಿಂಗಳಲ್ಲಿ ಊರಿಗೆ ಹೋಗುವವರು ಹೊರಡುವ ಎರಡು ದಿನ ಮೊದಲು ಕುಂಡಗಳನ್ನೆಲ್ಲ ಪೂರ್ವದ ಗೋಡೆಯ ನೆರಳಿಗೆ ಒತ್ತೊತ್ತಾಗಿ ಸರಿಸಿ, ಹೊದಿಕೆ ದಪ್ಪ ಮಾಡಿ, ಎಳೆ ಕಾಯಿಗಳಲ್ಲಿ ಅರ್ಧವನ್ನು ಕಿತ್ತುಹಾಕಿ. ವಾರಕ್ಕೆ ಮೀರಿದರೆ ಮಾಳಿಗೋ ಪಕ್ಕದ ಮನೆಯ ಕಾಕುವಿಗೋ ಹೇಳಿ ಹೋಗಬೇಕು, ಅಥವಾ ಟೈಮರ್ ಇರುವ ಹನಿ ನೀರಾವರಿ ಕೂಡಿಸಬೇಕು. ಬಾಟಲಿ ಬೋರಲು ಹಾಕುವ ಉಪಾಯ ಅರ್ಧ ಡ್ರಮ್ಮಿಗೆ ಸಾಲದು. ವಾಪಸು ಬಂದಾಗ ಎಲೆ ಮುದುಡಿದ್ದರೆ ಗಾಬರಿಯಲ್ಲಿ ಬಕೆಟ್ಟು ಸುರಿಯಬೇಡಿ. ಒಣಗಿದ ಬೇರಿಗೆ ಒಮ್ಮೆಲೇ ನೀರು ಸಿಕ್ಕರೆ ಉಳಿದ ಕಾಯಿಗಳು ಬಿರಿಯುತ್ತವೆ. ಅರ್ಧ ಬಕೆಟ್ಟಿನಿಂದ ಶುರು ಮಾಡಿ ನಾಲ್ಕೈದು ದಿನದಲ್ಲಿ ಪೂರ್ತಿಗೆ ಬನ್ನಿ. ಎಲೆ ಉದುರದೆ ಉಳಿದಿದ್ದರೆ ಜೂನ್ ಕೊನೆಗೆ ಮೃಗದ ಹೂ ಬರಬಹುದು. ಈ ವರ್ಷ ಹಸ್ತಕ್ಕೆ ಗಿಡವನ್ನು ಒಣಗಿಸುವ ಯೋಚನೆ ಇದ್ದರೆ ಆ ಮೊಗ್ಗುಗಳನ್ನು ಆಗಲೇ ಚಿವುಟಿಬಿಡಿ.